ತಲೆ ಹೋದ ಅಲೆಗೆ ನಾರ್ಮಲೈಸ್ ಮದ್ದಲ್ಲ

ದಾವಣಗೆರೆಯ ಮದುವೆ ಮನೆಯೊಂದರಲ್ಲಿ ನಮ್ಮ ಅಜ್ಜಿ ಸೋಬಾನೆ ಹಾಡಿದಳು. ಎಂಬತ್ತು ದಾಟಿದ ಗಂಟಲು, ಆದರೂ ಏನು ಜೋರು! ಚಿಕ್ಕಪ್ಪನ ಮಗ ಮೈಕನ್ನು ಅವಳ ಬಾಯಿಗೇ ಹಿಡಿದಿದ್ದ. ಸದ್ದಿನ ಮಟ್ಟ ತೋರಿಸುವ ಮೀಟರ್ ಕೆಂಪಗೆ ಮಿನುಗುತ್ತಲೇ ಇತ್ತು. 'ಜೋರಾಗಿ ಬರ್ಲಿ ಬಿಡಣ್ಣ, ಆಮೇಲೆ ನಾರ್ಮಲೈಸ್ ಮಾಡಿದ್ರಾಯ್ತು' ಅಂದ. ರಾತ್ರಿ ಕೇಳಿದರೆ ಅಜ್ಜಿಯ ದನಿ ಹರಿದ ಸ್ಪೀಕರಿನಿಂದ ಬಂದ ಹಾಗೆ ಬರ್ರ್ ಅನ್ನುತ್ತಿತ್ತು.

ಈ ನಾರ್ಮಲೈಸ್ ಅನ್ನೋ ಹೆಸರೇ ಮೋಸದ್ದು. ಕೆಟ್ಟಿದ್ದನ್ನು ರಿಪೇರಿ ಮಾಡುತ್ತೇನೋ ಅನ್ನಿಸುತ್ತೆ, ಅಲ್ವಾ? ಅದು ಮಾಡುವುದು ಬರೀ ಗುಣಾಕಾರ. ಇಡೀ ಫೈಲಿನಲ್ಲಿ ಅತಿ ಎತ್ತರದ ಬಿಂದು ಹುಡುಕುತ್ತದೆ. ಅದು ನೀವು ಹೇಳಿದ ಮಟ್ಟಕ್ಕೆ ಬರಲು ಎಷ್ಟರಿಂದ ಗುಣಿಸಬೇಕೋ, ಅಷ್ಟರಿಂದಲೇ ಎಲ್ಲವನ್ನೂ ಗುಣಿಸುತ್ತದೆ. ಅಜ್ಜಿಯ ಹಾಡು ಜೋರಾದರೆ ಹಿಂದೆ ತಿರುಗುತ್ತಿದ್ದ ಫ್ಯಾನೂ ಅಷ್ಟೇ ಜೋರು.

ಫೈಲನ್ನು ಜೂಮ್ ಮಾಡಿ ನೋಡಿದೆ. ಸದ್ದಿನ ಅಲೆಯ ತುದಿಗಳು ಗುಂಡಗಿರಬೇಕಿತ್ತು, ಎಲ್ಲಾ ಚಪ್ಪಟೆ. ಸೇರಿನಲ್ಲಿ ಮಂಡಕ್ಕಿ ತುಂಬಿ ಮೇಲಿನ ರಾಶಿಯನ್ನು ಅಂಗೈಯಿಂದ ಸವರಿದ ಹಾಗೆ. ಇದೇ ಕ್ಲಿಪ್ಪಿಂಗ್. 16 ಬಿಟ್ (ಪ್ರತಿ ಅಂಕಿಗೆ 16 ಸೊನ್ನೆ-ಒಂದುಗಳ ಜಾಗ) ರೆಕಾರ್ಡಿಂಗಿನಲ್ಲಿ ಒಂದು ಸ್ಯಾಂಪಲ್ಲಿಗೆ, ಅಂದರೆ ಅಲೆಯ ಎತ್ತರ ಅಳೆದ ಒಂದು ಬಿಂದುವಿಗೆ, ಸಿಗುವ ಅಂಕಿ ಮೈನಸ್ 32,768ರಿಂದ 32,767ರವರೆಗೆ ಮಾತ್ರ. 40,000 ಬೇಕಿದ್ದ ಕಡೆಯೂ ಯಂತ್ರ 32,767 ಅಂತಲೇ ಬರೆಯುತ್ತದೆ. 50,000 ಬೇಕಿದ್ದರೂ ಅದೇ.

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ಲ? ತಲೆ ತೂರಿಸಿದವನಿಗೆಲ್ಲ ಒನಕೆ ಏಟು. ಬಂದವನು ಗಿಡ್ಡನೋ ಉದ್ದನೋ ಒನಕೆ ಕೇಳಲಿಲ್ಲ. ಸದ್ದು ಅಂಕಿಯಾಗುವ ಜಾಗವೇ ನಮ್ಮ ಕಿಂಡಿ. ಗೇನ್, ಫೇಡರ್ ಅನ್ನುವ ಎರಡು ಪದಗಳನ್ನು ಈ ಕಿಂಡಿ ಇಟ್ಟುಕೊಂಡೇ ಬೇರೆ ಮಾಡಬಹುದು. ರೆಕಾರ್ಡಿಂಗ್ ಗೇನ್ (ಮೈಕಿನಿಂದ ಬಂದ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಕೆಲಸ ಮಾಡುವುದು ಕಿಂಡಿಯ ಆಚೆ, ಏಟು ಬೀಳುವ ಮೊದಲು. ಫೇಡರ್ (ರೆಕಾರ್ಡ್ ಆದ ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿ), ನಾರ್ಮಲೈಸ್ ಎಲ್ಲ ಕಿಂಡಿಯ ಈಚೆ. ಫೇಡರ್ ಇಳಿಸಿದರೆ ಕೆಂಪು ದೀಪ ಆರುತ್ತೆ, ಹೋದ ತಲೆ ಬರಲ್ಲ.

ಬರ್ರ್ ಅನ್ನುವುದಕ್ಕೂ ಆ ಚಪ್ಪಟೆ ತಲೆಯೇ ಕಾರಣ. 440 ಹರ್ಟ್ಸಿನ ಒಂದು ಶುದ್ಧ ಸ್ವರದ ತುದಿಗಳನ್ನು ಮೇಲೂ ಕೆಳಗೂ ಒಂದೇ ಸಮ ಕತ್ತರಿಸಿ. ಅದರ ಮೂರು ಪಟ್ಟು 1,320, ಐದು ಪಟ್ಟು 2,200 ಹೀಗೆ ಹೊಸ ಸ್ವರಗಳು ಹುಟ್ಟುತ್ತವೆ. ಅಜ್ಜಿ ಹಾಡದೇ ಇದ್ದ ಸ್ವರಗಳು!

ಕೆಂಪು ಮುಟ್ಟಿಸುವ ಚಾಳಿ ಸುಮ್ನೆ ಬಂದದ್ದಲ್ಲ, ಟೇಪಿನ ಕಾಲದ್ದು. ಜರ್ಮನಿಯ ಎಇಜಿ ಕಂಪನಿ ಮ್ಯಾಗ್ನೆಟೊಫೋನ್ ಅನ್ನೋ ಟೇಪ್ ರೆಕಾರ್ಡರನ್ನು ಬರ್ಲಿನ್ನಿನಲ್ಲಿ ಜನರ ಮುಂದಿಟ್ಟದ್ದು 1935ರಲ್ಲಿ. ಟೇಪನ್ನು ಆಗ ಬ್ಲೇಡಿನಿಂದಲೇ ಕತ್ತರಿಸಿ ಅಂಟಿಸುತ್ತಿದ್ದರು. ಓರೆಯಾಗಿ ಕತ್ತರಿಸಿದರೆ ಒಂದು ಸದ್ದು ಕರಗುತ್ತಾ ಇನ್ನೊಂದು ಏಳುತ್ತಿತ್ತು, ಇವತ್ತಿನ ಕ್ರಾಸ್‌ಫೇಡ್ ಆ ಓರೆ ಏಟಿನ ಮೊಮ್ಮಗ. ಇರಲಿ. ಟೇಪಿಗೆ ಸದ್ದು ಜಾಸ್ತಿಯಾದರೆ ಅದರ ಕಾಂತೀಯ ಪುಡಿ ನಿಧಾನಕ್ಕೆ ಸೋಲುತ್ತದೆ. ಅಲೆಯ ತಲೆ ಕಡಿಯುವುದಿಲ್ಲ, ಬಾಗುತ್ತದೆ. ಜೊತೆಗೆ ಟೇಪಿನ ಹಿಸ್ಸ್ ಸದ್ದನ್ನು ಮುಚ್ಚಲು ಜೋರಾಗಿ ತುಂಬುವುದೇ ಉಪಾಯವಾಗಿತ್ತು. ಸೂಜಿ ಕೆಂಪಿಗೆ ಹೋದರೂ ಯಾರೂ ಬೆಚ್ಚುತ್ತಿರಲಿಲ್ಲ.

ಡಿಜಿಟಲ್ಲಿನಲ್ಲಿ ಸೊನ್ನೆ ಡೆಸಿಬಲ್ ಅನ್ನುವುದೇ ಚಾವಣಿ, ಅದಕ್ಕೇ ಮೀಟರಿನ ಅಂಕಿಗಳೆಲ್ಲ ಮೈನಸ್. ಮೈನಸ್ 12 ಅಂದರೆ ಗುಣಮಟ್ಟ ಕಮ್ಮಿ ಅಂತ ಹೆದರುವವರು ಜಾಸ್ತಿ. ಲೆಕ್ಕ ಹಾಕಿ ನೋಡಿ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್. 24 ಬಿಟ್‌ನಲ್ಲಿ ಮೈನಸ್ 12ಕ್ಕೆ ರೆಕಾರ್ಡ್ ಮಾಡಿದರೆ ಹೋಗುವುದು 2 ಬಿಟ್, ಉಳಿಯುವುದು 22. ಸಿಡಿಗೆ ಇರುವುದೇ 16.

ಡಿಕ್ಲಿಪ್ ಅನ್ನುವ ಗುಂಡಿಯೂ ಇದೆ. ಉಳಿದ ಅಕ್ಕಪಕ್ಕದ ಬಿಂದು ನೋಡಿ ಹೋದ ತಲೆ ಹೀಗಿದ್ದಿರಬಹುದು ಅಂತ ಊಹಿಸಿ ಬರೆಯುತ್ತದೆ. ಅಲ್ಲೊಂದು ಇಲ್ಲೊಂದು ತುದಿ ಹೋಗಿದ್ದರೆ ಪರವಾಗಿಲ್ಲ. ನಮ್ಮದು ಇಡೀ ದಂಡೇ ಬಿದ್ದಿತ್ತು.

ಮೊನ್ನೆ ಮತ್ತೆ ಹಾಡಿಸಿದೆವು. ಮೈಕನ್ನು ಒಂದು ಮೊಳ ದೂರ ಇಟ್ಟು, ಗೇನ್ ಇಳಿಸಿ, ಮೈನಸ್ 12ಕ್ಕೆ ಹೊಂದಿಸಿದೆ. ಅಜ್ಜಿ ಮೈಕ್ ನೋಡಿದಳು. 'ಇಷ್ಟು ದೂರ ಇಟ್ರೆ ಕೇಳುತ್ತೇನೋ ಅದಕ್ಕೆ?' ಅಂದವಳು ಇನ್ನೂ ಜೋರಾಗಿ ಎತ್ತಿಕೊಂಡಳು. ಮೀಟರ್ ಮೈನಸ್ 3 ಮುಟ್ಟಿ ನಿಂತಿತು.