ಒಟ್ಟು ವೋಲ್ಟೇಜು ಸರಿಯಾಗಿದೆ, ಒಂದು ಸೆಲ್ ಸಾಯುತ್ತಿದೆ

ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ ವಿದ್ಯುತ್ ಮೋಟಾರು ಕೂರಿಸಿಕೊಂಡವರನ್ನು ‘ಬ್ಯಾಟರಿ ಹೇಗಿದೆ?’ ಎಂದು ಕೇಳಿ ನೋಡಿ. ಬಹುತೇಕರು ಡ್ಯಾಶ್‌ಬೋರ್ಡಿನ ಮೀಟರಿನತ್ತ ಬೆರಳು ತೋರಿಸುತ್ತಾರೆ: ‘144 ವೋಲ್ಟ್, ಗಟ್ಟಿಯಾಗಿದೆ.’ ಇವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಮೋಟಾರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೊರೆಸಿರುತ್ತಾರೆ, ಕೇಬಲ್ಲುಗಳನ್ನು ಅಚ್ಚುಕಟ್ಟಾಗಿ ಎಳೆದಿರುತ್ತಾರೆ. ಆ ಮೀಟರಿನ ಮಾತು ಬಂದಾಗ ಮಾತ್ರ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಕಾರ್ಖಾನೆಯಲ್ಲಿ ತಯಾರಾದ ಇವಿಗೂ (ವಿದ್ಯುತ್ ಕಾರಿಗೂ) ಮನೆಯಲ್ಲಿ ಮಾರ್ಪಡಿಸಿದ ಕಾರಿಗೂ ಇರುವ ದೊಡ್ಡ ಅಂತರ ಮೋಟಾರಿನದಲ್ಲ. ಒಂದೊಂದು ಸೆಲ್ಲಿನ ಮೇಲೂ ಯಾರ ಕಣ್ಣಿದೆ, ಆಪತ್ತು ಕಂಡಾಗ ಚಾಲಕನ ಕಾಲನ್ನೂ ಮೀರಿ ವಿದ್ಯುತ್ ತಡೆಯುವ ಅಧಿಕಾರ ಯಾರಿಗಿದೆ, ಅಂತರ ಇರುವುದು ಅಲ್ಲಿ.

ಲೆಕ್ಕ ಹಾಕೋಣ. ಲಿಥಿಯಂ ಐರನ್ ಫಾಸ್ಫೇಟಿನ 45 ಸೆಲ್‌ಗಳು ಸಾಲಾಗಿವೆ ಎನ್ನಿ. ತಲಾ 3.2 ವೋಲ್ಟ್, ಒಟ್ಟು 144. ಒಂದು ಸೆಲ್ಲಿಗೆ ಮೇಲಿನ ಮಿತಿ 3.65, ಕೆಳಗಿನ ಮಿತಿ 2.5. ಚಾರ್ಜರ್ 160 ವೋಲ್ಟಿಗೆ ನಿಲ್ಲುವಂತೆ ಹೊಂದಿಸಿದ್ದೀರಿ, ಸರಾಸರಿ ಸುಮಾರು 3.56 ಆಯಿತು, ಮಿತಿಯೊಳಗೇ ಇದೆ. ಈಗ 44 ಸೆಲ್‌ಗಳು 3.54ರಲ್ಲಿದ್ದರೆ ಅವುಗಳ ಮೊತ್ತ 155.76. ಉಳಿದ ಒಂದೇ ಒಂದು ಸೆಲ್ 4.24ಕ್ಕೆ ಏರಿದ್ದರೂ ಮೀಟರು 160 ಎಂದೇ ತೋರಿಸುತ್ತದೆ. ಮೀಟರು ಸುಳ್ಳು ಹೇಳಿಲ್ಲ. ನೀವು ಕೇಳಿದ ಪ್ರಶ್ನೆಯೇ ತಪ್ಪು.

ಖಾಲಿಯಾಗುವಾಗ ಇನ್ನೂ ಕೆಟ್ಟದು. 44 ಸೆಲ್‌ಗಳು 3.2ರಲ್ಲಿದ್ದು ಒಂದು ಮಾತ್ರ 0.5ಕ್ಕೆ ಕುಸಿದರೆ ಒಟ್ಟು 141.3. ಕೊರತೆ 2.7 ವೋಲ್ಟ್. ಏರಿನಲ್ಲಿ 200 ಆಂಪಿಯರ್ ಎಳೆದಾಗ, ಸೆಲ್ಲಿಗೆ ಅರ್ಧ ಮಿಲಿಓಮ್ ಒಳರೋಧವಿದ್ದರೂ, ಆರೋಗ್ಯವಂತ ಪ್ಯಾಕೇ 4.5 ವೋಲ್ಟ್ ಇಳಿಯುತ್ತದೆ. ಆ ಇಳಿತದೊಳಗೆ ಸಾಯುತ್ತಿರುವ ಸೆಲ್ ಅಡಗಿ ಕೂರುತ್ತದೆ. ಅಷ್ಟು ಕೆಳಗಿಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಹಾಗಾಗಿ ಒಮ್ಮೆ ಪೂರ್ತಿ ಕುಸಿದ ಸೆಲ್ಲನ್ನು ‘ಎಬ್ಬಿಸಿ’ ಮತ್ತೆ ಸಾಲಿಗೆ ಸೇರಿಸಬೇಡಿ.

ಒಟ್ಟು ವೋಲ್ಟೇಜನ್ನಷ್ಟೇ ನೋಡುವ ಈ ಅಭ್ಯಾಸ ಬಂದದ್ದು ಸೀಸದ ಬ್ಯಾಟರಿಯಿಂದ. ಅಲ್ಲಿ ತುಂಬಿದ ಸೆಲ್ಲಿಗೆ ಇನ್ನಷ್ಟು ಚಾರ್ಜ್ ಹರಿಸಿದರೆ ಅದು ನೀರನ್ನು ಅನಿಲವಾಗಿ ಬಿಟ್ಟುಕೊಳ್ಳುತ್ತ ಕಾಯುತ್ತದೆ, ಅಷ್ಟರಲ್ಲಿ ಹಿಂದುಳಿದವು ತುಂಬಿಕೊಳ್ಳುತ್ತವೆ. ಸ್ವಲ್ಪ ಅತಿ ಚಾರ್ಜೇ ಅಲ್ಲಿ ಸರಿದೂಗಿಸುವ ಮದ್ದು. ಲಿಥಿಯಂನಲ್ಲಿ ಆ ಸವಲತ್ತಿಲ್ಲ. ತುಂಬಿದ ಸೆಲ್ ಕಾಯುವುದಿಲ್ಲ, ಹಾಳಾಗುತ್ತದೆ.

2010ರ ಕೊನೆಯಲ್ಲಿ ಬಂದ ಮೊದಲ ನಿಸಾನ್ ಲೀಫ್‌ನಲ್ಲಿ 192 ಸೆಲ್‌ಗಳು, ಎರಡೆರಡು ಜೋಡಿಯಾಗಿ 96 ಗುಂಪು. 85 ಕಿಲೋವ್ಯಾಟ್ ಅವರ್‌ನ ಟೆಸ್ಲಾ ಮಾಡೆಲ್ ಎಸ್‌ನಲ್ಲಿ 7,104 ಪುಟ್ಟ ಸೆಲ್‌ಗಳು, ಅಲ್ಲೂ 96 ಗುಂಪು. ಪ್ರತಿ ಗುಂಪಿನ ವೋಲ್ಟೇಜನ್ನೂ ಅಳೆದು, ಕೆಟ್ಟ ಗುಂಪಿಗೆ ತಕ್ಕಂತೆ ಇಡೀ ಕಾರಿನ ಶಕ್ತಿಯನ್ನು ತಗ್ಗಿಸುವ ವ್ಯವಸ್ಥೆ ಇವೆರಡರಲ್ಲೂ ಇದೆ. ಹಳೆಯ ಇವಿಯಿಂದ ಮಾಡ್ಯೂಲುಗಳನ್ನು ಬಿಚ್ಚಿ ತಂದು, ಸೆಲ್‌ಗಳ ಮೇಲೆ ಕಣ್ಣಿಡುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಬೋರ್ಡನ್ನು ಗುಜರಿಯಲ್ಲೇ ಬಿಟ್ಟು ಬರುವವರು ಸ್ನಾಯು ತಂದು ನರ ಬಿಟ್ಟುಬಂದಂತೆ.

‘ನನ್ನದರಲ್ಲೂ ಬಿಎಂಎಸ್ ಇದೆ’ ಎನ್ನುತ್ತೀರಿ. ಇರಬಹುದು. ಅದರಿಂದ ಹೊರಟ ತಂತಿಗಳು ಎಲ್ಲಿಗೆ ಹೋಗಿವೆ? ಬರೀ ಫೋನಿನ ಪರದೆಗೆ ಹೋಗಿದ್ದರೆ ಅದು ಕಾವಲುಗಾರನಲ್ಲ, ಪ್ರೇಕ್ಷಕ. ಮೂರು ಸಂಪರ್ಕ ಇರಲೇಬೇಕು. ಯಾವುದೇ ಸೆಲ್ 3.65 ಮುಟ್ಟಿದರೆ ಚಾರ್ಜರ್ ನಿಲ್ಲಬೇಕು. ಯಾವುದೇ ಸೆಲ್ 2.8ರ ಆಸುಪಾಸಿಗೆ ಬಂದರೆ ಮೋಟಾರಿಗೆ ಕರೆಂಟ್ ಹರಿಸುವ ಕಂಟ್ರೋಲರ್ ಥ್ರಾಟಲ್ ತಗ್ಗಿಸಬೇಕು. ನಡುರಸ್ತೆಯಲ್ಲಿ ದಿಢೀರನೆ ಶಕ್ತಿ ಕಡಿಯುವುದು ಇನ್ನೊಂದು ಅಪಾಯ, ಆದ್ದರಿಂದ ಮೊದಲು ತಗ್ಗಿಸುವುದು. ಇವೆರಡರಲ್ಲಿ ಯಾವುದು ಕೈಕೊಟ್ಟರೂ ಮುಖ್ಯ ಕಾಂಟ್ಯಾಕ್ಟರ್, ಅಂದರೆ ಇಡೀ ಪ್ಯಾಕಿನ ಕರೆಂಟನ್ನು ಕಡಿಯುವ ದೊಡ್ಡ ಸ್ವಿಚ್ಚು, ತೆರೆಯಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗದಂತೆ ತಾಪದ ಸೆನ್ಸರ್ ಕೂಡ ಚಾರ್ಜರನ್ನು ತಡೆಯಬೇಕು, ಇಲ್ಲದಿದ್ದರೆ ಲಿಥಿಯಂ ಲೋಹವಾಗಿ ಮೆತ್ತಿಕೊಂಡು ಸೆಲ್ಲಿಗೆ ಶಾಶ್ವತ ಹಾನಿ.

ಕಾಂಟ್ಯಾಕ್ಟರ್ ಎಂದೆ. ಪ್ರೀಚಾರ್ಜ್ ಇಲ್ಲದೆ, ಅಂದರೆ ಕೆಪಾಸಿಟರನ್ನು ಮೊದಲು ರೆಸಿಸ್ಟರಿನ ಮೂಲಕ ಮೆಲ್ಲಗೆ ತುಂಬಿಸದೆ, ಅದನ್ನು ನೇರ ಮುಚ್ಚಿದರೆ ಕಂಟ್ರೋಲರಿನ ಖಾಲಿ ಕೆಪಾಸಿಟರಿಗೆ ಕ್ಷಣಮಾತ್ರ ಭಾರೀ ಕರೆಂಟ್ ನುಗ್ಗಿ ಕಾಂಟ್ಯಾಕ್ಟರಿನ ಬಿಲ್ಲೆಗಳು ಬೆಸೆದುಕೊಳ್ಳಬಹುದು. ಹಾಗಾದರೆ ಆಮೇಲೆ ಬಿಎಂಎಸ್ ‘ತೆರೆ’ ಎಂದರೂ ಅದು ತೆರೆಯದು. 2,000 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 100 ಓಮ್ ರೆಸಿಸ್ಟರ್ ಹಾಕಿ ಒಂದು ಸೆಕೆಂಡು ಕಾದರೆ ಸಾಕು. ಫ್ಯೂಸ್, ಕಾಂಟ್ಯಾಕ್ಟರ್ ಎರಡೂ ನಿಮ್ಮ ಪ್ಯಾಕಿನ ಪೂರ್ಣ ವೋಲ್ಟೇಜಿನ ಡಿಸಿಗೆ ತಯಾರಾದವೇ ಆಗಿರಲಿ. ಎಸಿ ಕರೆಂಟು ಸೆಕೆಂಡಿಗೆ ಹಲವು ಬಾರಿ ಸೊನ್ನೆಗೆ ಬರುವುದರಿಂದ ಕಿಡಿ ಆರುತ್ತದೆ, ಡಿಸಿಯ ಕಿಡಿ ಆರದೆ ಎಳೆದುಕೊಂಡೇ ನಿಲ್ಲುತ್ತದೆ.

ಹೊಸ ಸೆಲ್‌ಗಳನ್ನು ಜೋಡಿಸುವ ಮೊದಲು ಅವುಗಳ ಚಾರ್ಜನ್ನು ಸಮಮಾಡಿ. ‘ಬಿಎಂಎಸ್ ಬ್ಯಾಲೆನ್ಸ್ ಮಾಡಿಕೊಳ್ಳುತ್ತದೆ’ ಎಂದು ಕೂರಬೇಡಿ: ಅದರ ಬ್ಯಾಲೆನ್ಸಿಂಗ್ ಕರೆಂಟ್ 100 ಮಿಲಿಆಂಪಿಯರ್ ಇದ್ದರೆ 5 ಆಂಪಿಯರ್ ಅವರ್ ವ್ಯತ್ಯಾಸ ನೀಗಿಸಲು 50 ಗಂಟೆ ಬೇಕು. ಎಲ್ಲವನ್ನೂ ಸಮಾಂತರ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿ 3.65 ವೋಲ್ಟಿಗೆ ಹೊಂದಿಸಿದ ಬೆಂಚ್ ಸಪ್ಲೈನಿಂದ (ಮೇಜಿನ ಮೇಲಿನ ಡಿಸಿ ವಿದ್ಯುತ್ ಪೆಟ್ಟಿಗೆಯಿಂದ) ಚಾರ್ಜ್ ಕೊಡುವುದು ಸರಿಯಾದ ವಿಧಾನ, ಆದರೆ ಅರ್ಧ ಖಾಲಿಯಿರುವ 100 ಆಂಪಿಯರ್ ಅವರ್‌ನ 45 ಸೆಲ್‌ಗಳಿಗೆ 10 ಆಂಪಿಯರ್ ಸಪ್ಲೈ ಇಟ್ಟರೆ 225 ಗಂಟೆ. ಮೊದಲು ಸಾಲಿನಲ್ಲಿಟ್ಟು, ಸೆಲ್ ಸೆಲ್ಲನ್ನೂ ಗಮನಿಸುತ್ತ, ಯಾವುದಾದರೂ ಒಂದು 3.5 ತಲುಪುವವರೆಗೆ ಚಾರ್ಜ್ ಮಾಡಿ. ಬಳಿಕ ಬಿಚ್ಚಿ ಸಮಾಂತರ ಮಾಡಿ. ಸಪ್ಲೈನ ವೋಲ್ಟೇಜನ್ನು ಸೆಲ್ಲಿಗೆ ತಾಗಿಸುವ ಮೊದಲೇ ಹೊಂದಿಸಿಡಿ, ತಾಗಿಸಿದ ಮೇಲೆ ತಿರುಗಿಸಬೇಡಿ.

ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಪ್ರಶ್ನೆಗೆ ಹೆಚ್ಚು ಹೇಳಲಿಕ್ಕಿಲ್ಲ. ಮೇಲಿನ 100 ಆಂಪಿಯರ್ ಅವರ್‌ನ 45 ಸೆಲ್‌ಗಳ 14.4 ಕಿಲೋವ್ಯಾಟ್ ಅವರ್‌ನಲ್ಲಿ ಶೇ 80 ಬಳಸಿ, ಕಿಲೋಮೀಟರಿಗೆ 150 ವ್ಯಾಟ್ ಅವರ್ ಎಂದುಕೊಂಡರೆ 77ರ ಸುತ್ತಮುತ್ತ. ಎಂಜಿನ್ ಹೋದಮೇಲೆ ಬ್ರೇಕ್ ಬೂಸ್ಟರಿಗೆ ನಿರ್ವಾತವೂ ಹೋಯಿತು, ವಿದ್ಯುತ್ ಪಂಪು ಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಕೊನೆಗೆ, ಒಂದು ಸೆಲ್ ಕರೆಂಟ್ ಎಳೆಯುವಾಗ ಕಡಿಮೆ, ಚಾರ್ಜಿನಲ್ಲಿ ಹೆಚ್ಚು ವೋಲ್ಟೇಜು ತೋರಿಸಿದರೆ ಅದನ್ನು ಕೂಡಲೇ ಕಿತ್ತೆಸೆಯಬೇಡಿ. ಸಡಿಲ ಬೋಲ್ಟೂ ಹಾಗೆಯೇ ಕಾಣುತ್ತದೆ. ಬಸ್‌ಬಾರಿನ (ಸೆಲ್‌ನಿಂದ ಸೆಲ್ಲಿಗೆ ಬೆಸೆಯುವ ಲೋಹದ ಪಟ್ಟಿ) ಕೆಳಗೆ ಒಂದೇ ಮಿಲಿಓಮ್ ರೋಧ ಇದ್ದರೂ 200 ಆಂಪಿಯರಿಗೆ 0.2 ವೋಲ್ಟ್ ನಷ್ಟ, ಅಷ್ಟರಲ್ಲೇ 40 ವ್ಯಾಟ್ ಶಾಖ. ಪ್ಯಾಕಿನ ಸಾಲನ್ನು ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಇನ್ಸುಲೇಟೆಡ್ ಪಾನಾ ಹಿಡಿದು ಬಿಚ್ಚಿ, ಅಲ್ಯುಮಿನಿಯಂ ಟರ್ಮಿನಲ್ಲಿನ ಆಕ್ಸೈಡ್ ಉಜ್ಜಿ ತೆಗೆದು, ತಯಾರಕರು ಹೇಳಿದ ಟಾರ್ಕಿಗೆ ಬಿಗಿದು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ಸೆಲ್ ಬದಲಿಸಿ.