ಚೇಳಿನ ವಿಷಕ್ಕೆ ಲಸಿಕೆ: ಮೈಗೆ ನೆನಪಿದ್ದರೆ ಸಾಲದು

ಚೇಳಿನ ವಿಷದ ಲಸಿಕೆ ಇಲಿಗಳಲ್ಲಿ ಕೆಲಸ ಮಾಡಿತು ಅಂತ ಎಲ್ಲಾದರೂ ಸುದ್ದಿ ಬಂದರೆ ಸಾಕು, ಈ ವಿಷದ ಮೇಲೆ ಕೆಲಸ ಮಾಡುವ ನನಗೆ ಫೋನ್ ಶುರು. "ಒಂದು ಸಲ ಹಾಕಿಸಿಕೊಂಡರೆ ಆಮೇಲೆ ಚೇಳು ಕಚ್ಚಿದರೂ ಆಸ್ಪತ್ರೆಗೆ ಓಡಬೇಕಿಲ್ಲ, ಅಲ್ವಾ?" ಇನ್ನು ಕೆಲವರಿಗೆ ಲಸಿಕೆಯೂ ಬೇಡ. ಒಂದು ಉಪನ್ಯಾಸ ಮುಗಿದ ಮೇಲೆ ಒಬ್ಬರು ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದು, "ಇವನಿಗೆ ಹೋದ ವರ್ಷವೇ ಕಚ್ಚಿದೆ ಸಾರ್, ಮೈ ಒಗ್ಗಿದೆ, ಇನ್ನು ಭಯ ಇಲ್ಲ" ಅಂದರು. ಹುಡುಗನೂ ಹೆಮ್ಮೆಯಿಂದ ತಲೆ ಆಡಿಸಿದ. ನನಗೆ ಎದೆ ಧಸಕ್ಕೆಂದಿತು.

ಇದೊಂದು ವಿಷಯವನ್ನು ದಯವಿಟ್ಟು ಸಮಾಧಾನವಾಗಿ ಓದಿ.

ಸಾಮಾನ್ಯ ಲಸಿಕೆ ಮೈಗೆ ಒಂದು ನೆನಪು ಕೊಡುತ್ತದೆ. ರೋಗಾಣು ಒಳಗೆ ಬಂದಾಗ ಸಂಖ್ಯೆಯಲ್ಲಿ ಕಡಿಮೆ ಇರುತ್ತದೆ, ಬೆಳೆಯಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ನೆನಪಿನ ಜೀವಕೋಶಗಳು ಎಚ್ಚೆತ್ತು ಪ್ರತಿಕಾಯಗಳನ್ನು, ಅಂದರೆ ಹೊರಗಿನಿಂದ ಬಂದದ್ದನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನುಗಳನ್ನು, ತಯಾರಿಸುತ್ತವೆ. ಅವಕ್ಕೂ ಕೆಲವು ದಿನ ಹಿಡಿಯುತ್ತದೆ, ಆದರೆ ಸಮಯ ಇರುತ್ತದೆ. ಚೇಳು ಹಾಗಲ್ಲ. ಕೊಂಡಿ ಚುಚ್ಚಿದ ಕ್ಷಣದಲ್ಲೇ ಪೂರ್ತಿ ವಿಷ ಒಳಗೆ ಬಂದಾಯಿತು. ಅಪಾಯಕಾರಿ ಜಾತಿಯ ಚೇಳಾದರೆ ಅದರ ವಿಷ ನರಗಳಲ್ಲಿ ಸಂಕೇತ ಹುಟ್ಟಿಸುವ ಪುಟ್ಟ ಬಾಗಿಲುಗಳನ್ನು, ಅಂದರೆ ಸೋಡಿಯಂ ದ್ವಾರಗಳನ್ನು, ಮುಚ್ಚಲು ಬಿಡುವುದಿಲ್ಲ, ನರಗಳು ಸುಮ್ಮನಾಗುವುದೇ ಇಲ್ಲ, ಅಡ್ರಿನಲಿನ್ ಒಮ್ಮೆಲೇ ಉಕ್ಕಿ ಹೃದಯಕ್ಕೂ ಶ್ವಾಸಕೋಶಕ್ಕೂ ಪೆಟ್ಟು ಬೀಳುತ್ತದೆ. ಇಷ್ಟೆಲ್ಲ ನಿಮಿಷಗಳಿಂದ ಗಂಟೆಗಳ ಒಳಗೆ. ನೆನಪಿನ ಜೀವಕೋಶ ಎದ್ದು ಕೆಲಸ ಶುರು ಮಾಡುವ ಹೊತ್ತಿಗೆ ಎಲ್ಲ ತೀರ್ಮಾನವಾಗಿರುತ್ತದೆ. ಹಾಗಾಗಿ ಇಲ್ಲಿ ನೆನಪು ಇದ್ದರೆ ಸಾಲದು. ಕಚ್ಚಿದ ಆ ದಿನ, ಆ ಗಂಟೆಯಲ್ಲಿ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಸಿದ್ಧವಾಗಿ ಓಡಾಡುತ್ತಿರಬೇಕು. ಹಿಂದೊಮ್ಮೆ ಕಚ್ಚಿಸಿಕೊಂಡವರ ಮೈಯಲ್ಲಿ ಅಷ್ಟು ಇರುತ್ತದೆ ಅಂತ ನಂಬಿ ಕೂರುವುದಕ್ಕೆ ಯಾವ ಆಧಾರವೂ ಇಲ್ಲ.

ಎಷ್ಟು ಅಂದರೆ ಸಾಕಷ್ಟು? ಒಂದು ಅಂದಾಜು ಲೆಕ್ಕ ಹಾಕಿ. ಸೋಡಿಯಂ ದ್ವಾರ ಹಿಡಿಯುವ ವಿಷದ ಅಣು ತೀರಾ ಪುಟ್ಟದು, 60-70 ಅಮೈನೋ ಆಮ್ಲಗಳ ಒಂದು ಗಂಟು. ಪ್ರತಿಕಾಯದ ತೂಕ ಅದರ 20 ಪಟ್ಟು, ಮತ್ತು ಒಂದು ಪ್ರತಿಕಾಯ ಹಿಡಿಯುವುದು ಹೆಚ್ಚೆಂದರೆ ಎರಡು ಅಣುಗಳನ್ನು. ಅಂದರೆ ಒಂದು ಮಿಲಿಗ್ರಾಂ ವಿಷಕ್ಕೆ ಕಡಿಮೆಯೆಂದರೂ ಹತ್ತು ಮಿಲಿಗ್ರಾಂ ಪ್ರತಿಕಾಯ, ಅದೂ ಆ ಅಣುವನ್ನೇ ಹಿಡಿಯುವಂಥದ್ದು. ಚೇಳು ಆಳು ನೋಡಿ ಅಳತೆ ಮಾಡುವುದಿಲ್ಲ. ದೊಡ್ಡವರಿಗೆ ಬಿಟ್ಟಷ್ಟೇ ವಿಷವನ್ನು ಮಗುವಿಗೂ ಬಿಡಬಹುದು. ಮಗುವಿನ ಮೈಯಲ್ಲಿ ರಕ್ತ ಕಡಿಮೆ, ಆದ್ದರಿಂದ ಅದರ ಪ್ರತಿ ಹನಿಯಲ್ಲೂ ಪ್ರತಿಕಾಯ ಇನ್ನೂ ಜಾಸ್ತಿ ಇರಬೇಕು. ಯಾರಿಗೆ ಲಸಿಕೆ ಹೆಚ್ಚು ಬೇಕೋ ಅವರಲ್ಲೇ ಅದು ಗೆಲ್ಲುವುದು ಹೆಚ್ಚು ಕಷ್ಟ.

"ಧನುರ್ವಾಯುವೂ ವಿಷದಿಂದಲೇ ಬರುವುದಲ್ವಾ, ಅದಕ್ಕೆ ಟಿಟಿ ಇಲ್ಲವೇ?" ಒಳ್ಳೆ ಪ್ರಶ್ನೆ. ಆ ವಿಷ ಒಂದೇ ಪ್ರೋಟೀನು, ಗಾಯದಲ್ಲಿ ನಿಧಾನವಾಗಿ, ಅತಿ ಕಡಿಮೆ ಪ್ರಮಾಣದಲ್ಲಿ ತಯಾರಾಗುತ್ತದೆ, ಅದಕ್ಕೆ ಸ್ವಲ್ಪ ಪ್ರತಿಕಾಯ ಸಾಕು. ಚೇಳಿನ ವಿಷ ಬಗೆಬಗೆಯ ಅಣುಗಳ ಮಿಶ್ರಣ, ಜಾತಿಯಿಂದ ಜಾತಿಗೆ ಬೇರೆ. ಉತ್ತರ ಆಫ್ರಿಕಾದ ಆಂಡ್ರಾಕ್ಟೋನಸ್ ಆಸ್ಟ್ರಾಲಿಸ್ ಅನ್ನುವ ಒಂದೇ ಚೇಳಿನಲ್ಲಿ, ಎಎಎಚ್-2 ಎಂಬ ವಿಷದ ಅಣುವನ್ನು ತಡೆಯುವ ಪ್ರತಿಕಾಯ ಎಎಎಚ್-1 ಎಂಬ ಇನ್ನೊಂದರ ಮುಂದೆ ನಡೆಯುವುದಿಲ್ಲ.

ಆ ಎಎಎಚ್-2ರ ಮೇಲೆ ನಡೆದ ಕೆಲಸ ನನಗೆ ತುಂಬಾ ಇಷ್ಟ. ಅದರ ಆಕಾರವನ್ನು ಬಿಗಿಹಿಡಿದಿರುವ ಸಿಸ್ಟೀನ್ ಎಂಬ ಎಂಟು ಅಮೈನೋ ಆಮ್ಲಗಳನ್ನು ಸಂಶೋಧಕರು ತೆಗೆದು, ಬೇರೆ ಅಮೈನೋ ಆಮ್ಲ ಕೂರಿಸಿದರು. ಗಂಟು ಬಿಚ್ಚಿತು, ವಿಷವೂ ಹೋಯಿತು. ಆದರೂ ಅದನ್ನು ಕೊಟ್ಟ ಇಲಿಗಳು ನಿಜವಾದ ವಿಷವನ್ನು ತಡೆದುಕೊಂಡವು. ಸುಂದರ ಫಲಿತಾಂಶ. ಆದರೆ ಇಂಥ ಪ್ರಯೋಗಗಳಲ್ಲಿ ಇಲಿಗೆ ವಿಷ ಕೊಡುವ ದಿನವನ್ನು ನಾವೇ ಗೊತ್ತುಮಾಡುತ್ತೇವೆ, ಪ್ರತಿಕಾಯ ಏರಿರುವ ಹೊತ್ತು ನೋಡಿ. ಹೊರಗೆ ದಿನ ಗೊತ್ತುಮಾಡುವುದು ಚೇಳು.

ಹಾಗಾದರೆ ಯಾಕೆ ಈ ಶ್ರಮ? ಬಹುಪಾಲು ಕುದುರೆಗಾಗಿ. 1909ರಲ್ಲಿ ಚಾರ್ಲ್ಸ್ ಟಾಡ್ ಈಜಿಪ್ಟಿನಲ್ಲಿ ಚೇಳಿನ ಪ್ರತಿವಿಷದ ಬಗ್ಗೆ ಬರೆದರು, ಇವತ್ತಿಗೂ ದಾರಿ ಹೆಚ್ಚುಕಡಿಮೆ ಅದೇ: ಪ್ರಾಣಿಗೆ, ಹೆಚ್ಚಾಗಿ ಕುದುರೆಗೆ, ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದ ಪ್ರತಿಕಾಯ ತೆಗೆಯುವುದು. ಆ ವಿಷ ಸಿಗುವುದೇ ಕಷ್ಟ. ಚೇಳಿನ ಬಾಲವನ್ನು ಚಿಮಟದಲ್ಲಿ ಹಿಡಿದು ಸಣ್ಣದಾಗಿ ಕರೆಂಟು ಮುಟ್ಟಿಸುತ್ತೇವೆ. ಕೆಲವು ಜಾತಿಗಳಲ್ಲಿ ಕೊಂಡಿಯ ತುದಿಗೆ ಮೊದಲು ನೀರಿನಂಥ ತಿಳಿ ಹನಿ ಬರುತ್ತದೆ, ಆಮೇಲೆ ಹಾಲಿನಂತೆ ಬೆಳ್ಳಗಿನದು. ಒಂದು ಚೇಳಿನಿಂದ ಸಿಗುವುದು ಇಷ್ಟೇ ಇಷ್ಟು. ವಿಷವಿಲ್ಲದ ಅಣುವನ್ನು ಪ್ರಯೋಗಾಲಯದಲ್ಲೇ ಮಾಡಿ ಕುದುರೆಗೆ ಕೊಡುವಂತಾದರೆ ಅದಕ್ಕೆ ನರಳಾಟ ತಪ್ಪುತ್ತದೆ, ಸಾವಿರಾರು ಚೇಳು ಹಿಡಿಯುವುದೂ ತಪ್ಪುತ್ತದೆ.

ಹೀಗೆ ಬಂದ ಪ್ರತಿವಿಷವನ್ನು ಕಚ್ಚಿದ ಮೇಲೆ ಕೊಡುವುದು. 2009ರಲ್ಲಿ ಪ್ರಕಟವಾದ ಅರಿಜೋನಾದ ಅಧ್ಯಯನದಲ್ಲಿ, ಅಲ್ಲಿನ ಸೆಂಟ್ರುರಾಯ್ಡೀಸ್ ಚೇಳು ಕಚ್ಚಿ ತೀವ್ರ ಲಕ್ಷಣಗಳಿದ್ದ ಮಕ್ಕಳ ಪೈಕಿ ಪ್ರತಿವಿಷ ಪಡೆದ 8 ಜನರೂ ನಾಲ್ಕು ಗಂಟೆಯೊಳಗೆ ಚೇತರಿಸಿಕೊಂಡರು. ಪಡೆಯದ 7 ಜನರಲ್ಲಿ ಒಬ್ಬರು ಮಾತ್ರ. ಎಲ್ಲ ಚೇಳಿಗೂ ಇಷ್ಟೇ ಚೆನ್ನಾಗಿ ಆಗುತ್ತದೆ ಅಂತ ನಾನು ಹೇಳಲಾರೆ. ಯಾವ ಚೇಳು, ಎಷ್ಟು ಹೊತ್ತಾಗಿದೆ, ಹೃದಯ ಹೇಗಿದೆ ಎಂಬುದನ್ನು ನೋಡಿ ಪ್ರತಿವಿಷವೋ, ರಕ್ತನಾಳ ಸಡಿಲಿಸುವ ಪ್ರಜೋಸಿನ್ ಮಾತ್ರೆಯೋ, ಎರಡೂ ಸೇರಿಯೋ ಅಂತ ವೈದ್ಯರು ನಿರ್ಧರಿಸುತ್ತಾರೆ. ಅವರ ಮುಂದೆ ಬೇಗ ಹೋಗಿ ನಿಲ್ಲುವುದಷ್ಟೇ ನಿಮ್ಮ ಕೆಲಸ, ಮೊದಲ ಸಲ ಕಚ್ಚಿರಲಿ, ಐದನೇ ಸಲವಿರಲಿ.