ಕೆಂಗೇರಿಗೂ ಬಂದಿದ್ದ ಐಕ್ಯದ ಓದು

ತಮ್ಮನ್ನು ಹಿಡಿಯುವವರು ಬರುವುದಕ್ಕೆ ಸ್ವಲ್ಪ ಮುಂಚೆ ಯೇಸು ಮಾಡಿದ ದೀರ್ಘ ಪ್ರಾರ್ಥನೆ ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ತಂದೆ ತಮ್ಮಲ್ಲಿ, ತಾವು ತಂದೆಯಲ್ಲಿ ಇರುವ ಹಾಗೆ ಇವರೆಲ್ಲರೂ ಒಂದಾಗಿರಲಿ ಎಂದು ಅವರು ಬೇಡುತ್ತಾರೆ. ಭಕ್ತ ಶಿವನಲ್ಲಿ ಒಂದಾಗುವ, ಶರಣರ ಐಕ್ಯಸ್ಥಲದ ಮಾತು ಕೇಳುತ್ತ ಬೆಳೆದ ಕನ್ನಡಿಗರಿಗೆ ಇದು ಹೊಸದೆನಿಸದು. ಆದರೂ ಬೆಂಗಳೂರಿನಲ್ಲಿ ಮನುಷ್ಯ ದೇವರೊಂದಿಗೆ ಒಂದಾಗುವ ಈ ವಿಷಯ ಎತ್ತಿದರೆ, ಇದು ವೇದಾಂತದಿಂದ ತಂದು ಅಂಟಿಸಿದ್ದಲ್ಲವೇ ಎಂದು ಕೇಳುವವರು ಚರ್ಚಿನ ಒಳಗೂ ಇದ್ದಾರೆ, ಹೊರಗೂ ಇದ್ದಾರೆ.

ಖಂಡಿತ ಅಲ್ಲ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಗೆನ್, ಮೇಲ್ನೋಟಕ್ಕೆ ಪ್ರೇಮಿಗಳ ಹಾಡಾದ ಬೈಬಲಿನ ಪರಮಗೀತೆಯನ್ನು ಆತ್ಮವೂ ದೈವವಾಕ್ಯವೂ ಕೂಡುವ ಕಥೆಯೆಂದು ಓದಿದ್ದರು. ಭಕ್ತನೇ ಸತಿ, ಶಿವನೇ ಪತಿ ಎನ್ನುವ ಶರಣಸತಿ ಲಿಂಗಪತಿ ಭಾವ ಬಲ್ಲವರಿಗೆ ಈ ದಾರಿಯನ್ನು ಬಿಡಿಸಿ ಹೇಳಬೇಕಿಲ್ಲ. ದೇವರು ನನ್ನ ಅಂತರಂಗಕ್ಕಿಂತಲೂ ಒಳಗಿದ್ದರು ಎಂದು ಬರೆದ ಆದಿ ಚರ್ಚಿನ ಪಂಡಿತ ಅಗಸ್ಟೀನರೂ ಇದೇ ಸಾಲಿನವರು.

ಗಲಾಟೆಯಾದದ್ದು ಆಮೇಲೆ. 1310ರಲ್ಲಿ ಪ್ಯಾರಿಸ್‌ನಲ್ಲಿ ಮಾರ್ಗರೀಟ್ ಪೊರೆಟ್ ಎಂಬಾಕೆಯನ್ನು ಜೀವಂತ ಸುಟ್ಟರು. ಆತ್ಮವು ದೇವರ ಪ್ರೀತಿಯಲ್ಲಿ ತನ್ನನ್ನೇ ಕಳೆದುಕೊಳ್ಳುವ ಬಗೆಯನ್ನು ಆಕೆ ಬರೆದಿದ್ದರು. ಅದೇ ಕಾಲದ ಜರ್ಮನಿಯ ಮೈಸ್ಟರ್ ಎಕ್‌ಹಾರ್ಟ್ ಪ್ಯಾರಿಸ್‌ನಲ್ಲಿ ಪಾಠ ಹೇಳಿದ ಡೊಮಿನಿಕನ್ ಸಂನ್ಯಾಸಿ ಸಂಘದ ಪಂಡಿತರು. ಆದರೆ ವಿಷಯವನ್ನು ಲ್ಯಾಟಿನ್ನಿನಲ್ಲೇ ಬಚ್ಚಿಡದೆ ಜನರಾಡುವ ಜರ್ಮನ್‌ನಲ್ಲಿ ಸಾರಿದರು. ದೇವರ ಮಗನ ಜನನ ನಿರಂತರ ನಡೆಯುತ್ತಿದೆ, ಅದು ನನ್ನೊಳಗೂ ಆಗದಿದ್ದರೆ ನನಗೇನು ಬಂತು ಎಂಬುದು ಅವರ ಪಟ್ಟು. 1329ರಲ್ಲಿ ಎಕ್‌ಹಾರ್ಟರ 28 ಹೇಳಿಕೆಗಳನ್ನು ಪೋಪ್ 22ನೇ ಜಾನ್ ತಪ್ಪೆಂದೋ ಶಂಕಾಸ್ಪದವೆಂದೋ ಖಂಡಿಸಿದರು. ಅಷ್ಟರಲ್ಲಿ ಎಕ್‌ಹಾರ್ಟ್ ತೀರಿಕೊಂಡಿದ್ದರು.

ಚರ್ಚಿನ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಸೃಷ್ಟಿಸಿದವನಿಗೂ ಸೃಷ್ಟಿಗೂ ನಡುವಿನ ಗೆರೆ ಅಳಿಸಿದರೆ ಕೃಪೆಗೆ ಅರ್ಥವೇ ಉಳಿಯದು, ನಿಜ. ಸುಟ್ಟದ್ದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಇಂಗ್ಲೆಂಡಿನ ಬೆನೆಡಿಕ್ಟೀನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆಸಿದ್ದು ನಮ್ಮ ಕೆಂಗೇರಿಯಲ್ಲಿ. 1958ರಲ್ಲಿ ಕೇರಳದ ಕುರಿಸುಮಲೆಗೆ, ಮುಂದೆ ತಮಿಳುನಾಡಿನ ಶಾಂತಿವನ ಆಶ್ರಮಕ್ಕೆ ಹೋಗಿ ಉಪನಿಷತ್ತನ್ನೂ ಬೈಬಲನ್ನೂ ಒಟ್ಟಿಗೆ ಧ್ಯಾನಿಸಿದರು. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಕಥೋಲಿಕರ ರಾಷ್ಟ್ರೀಯ ಬೈಬಲ್ ಕೇಂದ್ರವನ್ನು ಕಟ್ಟಿದವರು ಫಾದರ್ ಅಮಲೋರ್ಪವದಾಸ್. 1969ರಲ್ಲಿ ಭಾರತದ ಕಥೋಲಿಕರ ಪೂಜಾವಿಧಿಯಲ್ಲಿ 12 ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರುವುದು, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ, ಕೈಮುಗಿದು ವಂದನೆ, ಆರತಿ. ಇಷ್ಟಕ್ಕೇ ವಿರೋಧ ಎದ್ದಿತು. ವಾದವೆಲ್ಲ ದೀಪ, ಆರತಿಗಳ ಸುತ್ತಲೇ ತಿರುಗಿ ಒಳಗಿನ ಮೌನದ ಮಾತು ಹಿಂದೆ ಸರಿಯಿತು. ಅದು ದೊಡ್ಡ ನಷ್ಟ.

ಇನ್ನೊಂದನ್ನೂ ಹೇಳಬೇಕು. ಯೇಸುವಿನ ಬೇಡಿಕೆಯಲ್ಲಿ ಇರುವುದು 'ಇವರೆಲ್ಲರೂ'. ಒಬ್ಬೊಬ್ಬರೇ ದೇವರಲ್ಲಿ ಕರಗಿಹೋಗುವ ಓದು ಆ ಮಾತನ್ನು ದಾಟಿಬಿಡುತ್ತದೆ. ಚರ್ಚಿನಲ್ಲಿ ಪೂಜೆ ಯಾವ ಭಾಷೆಯಲ್ಲಿ ಎಂದು ಕನ್ನಡಿಗರೂ ತಮಿಳರೂ ವರ್ಷಗಟ್ಟಲೆ ಜಗಳವಾಡಿದ ಈ ನಗರದಲ್ಲಿ ಹಾಗೆ ದಾಟುವುದು ಸುಲಭವಲ್ಲ. ಸ್ಪೇನಿನ ಸಂನ್ಯಾಸಿನಿ ಆವಿಲಾದ ತೆರೇಸ 1577ರಲ್ಲಿ ಆತ್ಮವನ್ನು ಏಳು ನಿವಾಸಗಳ ಕೋಟೆಯೆಂದು ವರ್ಣಿಸಿ, ಏಳನೆಯದರಲ್ಲಿ ದೇವರೊಂದಿಗೆ ಮಿಲನವನ್ನು ಇಟ್ಟರು. ಅಲ್ಲಿಗೆ ತಲುಪಿದವರೂ ಸುಮ್ಮನೆ ಕೂರುವಂತಿಲ್ಲ ಎಂದರು: ಮನೆಗೆ ಬಂದ ಯೇಸುವನ್ನು ಉಪಚರಿಸಲು ಪಾದದ ಬಳಿ ಕೂತು ಕೇಳುವ ಮರಿಯಳ ಜೊತೆಗೆ ಅಡುಗೆಮನೆಯ ಮಾರ್ತಾಳೂ ಬೇಕು.